ದೊಡ್ಡ ಪರದೆಯನ್ನೂ ಫೋನ್ ಮಾಡಲು ಹೊರಟಿದ್ದಾರಾ? ಟಚ್ ಡೆಸ್ಕ್‌ಟಾಪ್ ಯಾರಿಗೆ ಬೇಕು?

ಬಿಳಿಹಾಳೆ
ತುಮಕೂರಿನಲ್ಲಿ ನಮ್ಮದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಬಾಡಿಗೆ ಕರಾರು, ಆನ್‌ಲೈನ್ ಅರ್ಜಿ, ಎಲ್ಲವೂ ಬರುತ್ತದೆ. ಎರಡು ಕಂಪ್ಯೂಟರ್ ಹಳೆಯದಾಗಿವೆ, ಬದಲಾಯಿಸಬೇಕು. ಟಚ್ ಸ್ಕ್ರೀನ್ ಇರುವ ಆಲ್-ಇನ್-ಒನ್ (ಪರದೆಯೊಳಗೇ ಕಂಪ್ಯೂಟರ್ ಇರುವಂಥದ್ದು) ತಗೊಳ್ಳಿ ಅಂತ ಡೀಲರ್ ಗಂಟುಬಿದ್ದಿದ್ದಾರೆ. ಮುಂದೆ ಎಲ್ಲವೂ ಟಚ್ಚೇ ಅಂತೆ.

ನನಗೆ ಇನ್ನೊಂದು ಸಿಟ್ಟೂ ಇದೆ. ಟಚ್ ಇಲ್ಲದ ಕಂಪ್ಯೂಟರಿನಲ್ಲೂ ಪ್ರತಿ ಅಪ್‌ಡೇಟ್ ಬಂದಾಗ ಎಲ್ಲವೂ ಫೋನಿನ ಹಾಗೆ ಆಗುತ್ತಿದೆ. ಬಟನ್‌ಗಳು ಊದಿಕೊಳ್ಳುತ್ತವೆ. ಸಾಲುಗಳ ನಡುವೆ ಬರೀ ಖಾಲಿ ಜಾಗ. ಕಣ್ಣೆದುರೇ ಇದ್ದ ಮೆನು ಈಗ ಮೂರು ಗೆರೆಯ ಹಿಂದೆ ಅಡಗಿರುತ್ತದೆ. ಪ್ರಿಂಟರ್ ಸೆಟ್ಟಿಂಗ್ ಹುಡುಕಲು ಪುಟದಿಂದ ಪುಟಕ್ಕೆ ಅಲೆಯಬೇಕು. ಪರದೆ ದೊಡ್ಡದಾದಷ್ಟೂ ಅದರಲ್ಲಿ ಕಾಣುವುದು ಕಡಿಮೆ. ಇದು ಯಾವ ನ್ಯಾಯ?

ಎರಡು ಪ್ರಶ್ನೆ. ಟಚ್‌ಗೆ ಹೆಚ್ಚಿನ ದುಡ್ಡು ಕೊಡಬೇಕಾ? ಈ ಫೋನ್ ಹುಚ್ಚು ಎಲ್ಲಿಂದ ಶುರುವಾಯಿತು?

ಸುಮ್ನೆ_ಬಂದೆ
ಬೇಡ ಸರ್. ಗಾಜು ಒರೆಸುವುದಕ್ಕೇ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾಗುತ್ತದೆ.

ಕೋಡುಬಳೆ
ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವುದೇ ನನ್ನ ಹೊಟ್ಟೆಪಾಡು, ಬೈಯುವವರು ನನ್ನನ್ನೇ ಬೈಯಬಹುದು.

ಬೆರಳಿಗೂ ಮೌಸ್ ಬಾಣಕ್ಕೂ ಅಳತೆ ಬೇರೆ. ಬಾಣದ ತುದಿ ಒಂದೇ ಪಿಕ್ಸೆಲ್. ಬೆರಳು ದಪ್ಪ, ಮೇಲಾಗಿ ಒತ್ತಬೇಕಾದ ಜಾಗವನ್ನೇ ಅದು ಮುಚ್ಚಿಬಿಡುತ್ತದೆ. ಅದಕ್ಕೇ ಬಟನ್ ಕನಿಷ್ಠ 44 ಪಾಯಿಂಟ್ ಇರಲಿ ಎಂದು ಆ್ಯಪಲ್ ಹೇಳುತ್ತದೆ. ಆಂಡ್ರಾಯ್ಡ್‌ನದು 48 ಡಿಪಿ, ಅಂದರೆ ಹೆಚ್ಚುಕಡಿಮೆ 9 ಮಿಲಿಮೀಟರ್. ಮೌಸ್‌ಗೆ ಇದರ ಅರ್ಧ ಸಾಕು. ಮೌಸ್‌ನಲ್ಲಿ ಬಾಣವನ್ನು ಸುಮ್ನೆ ಬಟನ್ ಮೇಲೆ ತಂದು ನಿಲ್ಲಿಸಿದರೆ ಅದೇನೆಂದು ಒಂದು ಸಾಲು ಮೂಡುತ್ತದೆ. ಬಲ ಕ್ಲಿಕ್ ಬೇರೆ ಇದೆ. ಬೆರಳಿಗೆ ನಿಲ್ಲುವುದು ಅಂತ ಇಲ್ಲ, ಮುಟ್ಟಿದರೆ ಮುಗಿಯಿತು.

ಈಗ ಕಂಪನಿ ಕಡೆಯಿಂದ ನೋಡಿ. ಫೋನಿಗೆ ಒಂದು, ಡೆಸ್ಕ್‌ಟಾಪಿಗೆ ಒಂದು ವಿನ್ಯಾಸ ಮಾಡುವ ಬದಲು ಎರಡಕ್ಕೂ ಒಂದನ್ನೇ ಓಡಿಸಿದರೆ ಖರ್ಚು ಉಳಿಯಿತು. ಒಂದೇ ಆರಿಸಬೇಕೆಂದರೆ ದೊಡ್ಡ ಬಟನ್ನನ್ನೇ ಆರಿಸುತ್ತಾರೆ. ದೊಡ್ಡದನ್ನು ಮೌಸ್ ಒತ್ತುತ್ತದೆ, ಚಿಕ್ಕದನ್ನು ಬೆರಳು ಒತ್ತಲಾಗುವುದಿಲ್ಲ. ಮೀಟಿಂಗ್‌ನಲ್ಲಿ ಡೆಸ್ಕ್‌ಟಾಪ್ ಪರವಾಗಿ ಮಾತಾಡುವವರೇ ಇರುವುದಿಲ್ಲ ಸರ್. ಎಲ್ಲರೂ ಫೋನಿನ ಪರದೆ ನೋಡಿ ಒಪ್ಪಿಗೆ ಕೊಟ್ಟು ಎದ್ದು ಹೋಗುತ್ತಾರೆ.

ಮಲೆನಾಡ್_ಮೌಸ್
ದೊಡ್ಡ ಬಟನ್ ಅಂದರೆ ಮೌಸ್‌ಗೆ ತೊಂದರೆ ಅಂತ ಯಾರು ಹೇಳಿದ್ದು? ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ದಾರೆ. ಗುರಿ ದೊಡ್ಡದಾದಷ್ಟೂ, ಹತ್ತಿರವಾದಷ್ಟೂ ಬೇಗ ತಲುಪಬಹುದು. ನಮ್ಮ ಅಪ್ಪನಿಗೆ ಈಗಿನ ಊದಿದ ಬಟನ್‌ಗಳೇ ಇಷ್ಟ. ಹಳೇ ವರ್ಡ್‌ನ ಚಿಕ್ಕ ಚಿಕ್ಕ ಚಿತ್ರಗಳು ಅವರ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ.

ಕೋಡುಬಳೆ
"ಹತ್ತಿರವಾದಷ್ಟೂ" ಅಂತ ನೀವೇ ಬರೆದಿರಲ್ಲ! ಇಪ್ಪತ್ತು ಬಟನ್ ಊದಿಸಿದರೆ ಇಪ್ಪತ್ತನೆಯದು ಎಲ್ಲಿಗೆ ಹೋಗುತ್ತದೆ? ಇನ್ನೊಂದು ಪುಟಕ್ಕೆ. ಅದನ್ನು ತಲುಪಲು ಮೂರು ಕ್ಲಿಕ್. ಅಪ್ಪನವರಿಗೆ ಬೇಕಿರುವುದು ಸ್ಕೇಲಿಂಗ್ (ಪರದೆ ಮೇಲಿನದ್ದನ್ನೆಲ್ಲ ಹಿಗ್ಗಿಸುವ ಸೆಟ್ಟಿಂಗ್) 125 ಅಥವಾ 150 ಪರ್ಸೆಂಟ್ ಮಾಡುವುದು. ಅದು ಬಳಸುವವರ ಕೈಯಲ್ಲಿರಬೇಕು. ಎಲ್ಲರಿಗೂ ಒಂದೇ ಅಂತ ನಾವು ಹೇರಿದರೆ ಹೇಗೆ?

ಅದೇ ಫಿಟ್ಸ್ ಲೆಕ್ಕದಲ್ಲಿ ಪರದೆಯ ಅಂಚು ಮತ್ತು ಮೂಲೆ ಮೌಸ್‌ಗೆ ಬಂಗಾರದ ಜಾಗ. ಎಷ್ಟು ಜೋರಾಗಿ ತಳ್ಳಿದರೂ ಬಾಣ ಅಲ್ಲೇ ನಿಲ್ಲುತ್ತದೆ, ಗುರಿ ತಪ್ಪುವ ಮಾತೇ ಇಲ್ಲ. ಬೆರಳಿಗೆ ಆ ಅನುಕೂಲ ಇಲ್ಲ, ಜಾರಿ ಚೌಕಟ್ಟಿನ ಮೇಲೆ ಹೋಗುತ್ತದೆ. ಎರಡರ ಭೂಗೋಳವೇ ಬೇರೆ.

ಹಳೇ_ಮೇಷ್ಟ್ರು
ಇದು ಹೊಸ ಹುಚ್ಚೇನೂ ಅಲ್ಲ ಸ್ವಾಮಿ. ಮೌಸ್ ಬರುವ ಮೊದಲೇ ಪರದೆ ಮುಟ್ಟುವ ಆಸೆ ಇತ್ತು. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಲೈಟ್ ಪೆನ್ ಹಿಡಿದು ಪರದೆ ಮೇಲೆಯೇ ಗೆರೆ ಎಳೆದು ತೋರಿಸಿದರು. ಡಗ್ಲಸ್ ಎಂಗೆಲ್‌ಬಾರ್ಟ್ ಜನರ ಮುಂದೆ ಮೌಸ್ ಇಟ್ಟಿದ್ದು 1968ರಲ್ಲಿ.

1983ರಲ್ಲಿ ಎಚ್‌ಪಿ-150 ಎಂಬ ಟಚ್ ಡೆಸ್ಕ್‌ಟಾಪ್ ಅಂಗಡಿಗೇ ಬಂತು. ಅದರ ಗಾಜಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ. ಪರದೆಯ ಸುತ್ತ ಚೌಕಟ್ಟಿನಲ್ಲಿ ಸಣ್ಣ ಸಣ್ಣ ತೂತುಗಳು. ಅವುಗಳಿಂದ ಇನ್‌ಫ್ರಾರೆಡ್ ಕಿರಣ ಅಡ್ಡಡ್ಡ, ಉದ್ದುದ್ದ ಹಾಯುತ್ತಿತ್ತು. ಬೆರಳು ಯಾವ ಕಿರಣಕ್ಕೆ ಅಡ್ಡ ಬಂತು ಅನ್ನುವುದರ ಮೇಲೆ ಜಾಗ ಗೊತ್ತಾಗುತ್ತಿತ್ತು. ಆ ತೂತುಗಳಲ್ಲಿ ಧೂಳು ತುಂಬಿಕೊಂಡರೆ ಕತೆ ಮುಗಿಯಿತು. ನಮ್ಮ ಊರಿನ ಬೇಸಿಗೆಗೆ ಅದು ಬರಲಿಲ್ಲವಲ್ಲ, ಪುಣ್ಯ.

ಧೂಳಿಗಿಂತ ದೊಡ್ಡ ಸಮಸ್ಯೆ ತೋಳಿನದು. ನೆಟ್ಟಗೆ ನಿಂತ ಪರದೆಯ ಮುಂದೆ ಕುಳಿತು, ಮೊಣಕೈಗೆ ಆಸರೆ ಇಲ್ಲದೆ ಕೈ ಚಾಚಿಕೊಂಡು ಕೆಲಸ ಮಾಡಿ ನೋಡಿ. ಸ್ವಲ್ಪ ಹೊತ್ತಿಗೇ ಭುಜ ಸೋತು ಬರುತ್ತದೆ. ಇದಕ್ಕೆ ಆ ವಲಯದಲ್ಲಿ "ಗೊರಿಲ್ಲಾ ಆರ್ಮ್" ಎಂಬ ಹೆಸರೇ ಇದೆ. 2010ರ ಅಕ್ಟೋಬರ್‌ನಲ್ಲಿ ಸ್ಟೀವ್ ಜಾಬ್ಸ್ ಮ್ಯಾಕ್ ಕಾರ್ಯಕ್ರಮದಲ್ಲಿ ಇದನ್ನೇ ಹೇಳಿದ್ದು. ಪರೀಕ್ಷೆ ಮಾಡಿ ನೋಡಿದ್ದೇವೆ, ನಿಂತ ಪರದೆಗೆ ಟಚ್ ಒಗ್ಗುವುದಿಲ್ಲ, ಆದ್ದರಿಂದ ಟ್ರ್ಯಾಕ್‌ಪ್ಯಾಡ್‌ನಲ್ಲಿ ಬೆರಳಾಡಿಸಿ ಎಂದು.

ಎಟಿಎಂ, ಏರ್‌ಪೋರ್ಟ್ ಕಿಯೋಸ್ಕ್ ನಡೆಯುತ್ತದೆ. ಯಾಕೆಂದರೆ ಅಲ್ಲಿ ನಾವು ನಿಂತಿರುತ್ತೇವೆ, ಎರಡು ನಿಮಿಷದ ಕೆಲಸ. ಡಿಟಿಪಿ ಅಂದರೆ ಬೆಳಿಗ್ಗೆಯಿಂದ ಸಂಜೆ.

ಸಾಗರದಾಚೆ
ಮೇಷ್ಟ್ರೇ, ಇಡೀ ದಿನ ಟಚ್‌ನಲ್ಲೇ ಕೆಲಸ ಮಾಡಿ ಅಂತ ಯಾರೂ ಹೇಳುತ್ತಿಲ್ಲವಲ್ಲ? ನನ್ನ ಲ್ಯಾಪ್‌ಟಾಪಿನಲ್ಲಿ ಟಚ್ ಇದೆ. ಟೈಪ್ ಮಾಡುವುದು ಕೀಬೋರ್ಡ್‌ನಲ್ಲೇ. ಆದರೆ ಪುಟ ಸರಿಸಲು, ಓಕೆ ಒತ್ತಲು, ಮ್ಯಾಪ್ ಹಿಗ್ಗಿಸಲು ಕೈ ತಾನಾಗಿ ಪರದೆಗೆ ಹೋಗುತ್ತದೆ. ನನ್ನ ಮಗಳಂತೂ ಟಚ್ ಇಲ್ಲದ ಪರದೆ ಕಂಡರೆ ಕೆಟ್ಟಿದೆ ಅಂದುಕೊಳ್ಳುತ್ತಾಳೆ. ನೀವೆಲ್ಲ ವಿಂಡೋಸ್ 8ರ ಸಿಟ್ಟನ್ನು ಇನ್ನೂ ಟಚ್ ಮೇಲೆ ತೀರಿಸಿಕೊಳ್ಳುತ್ತಿದ್ದೀರಿ.

ಹಳೇ_ಮೇಷ್ಟ್ರು
ತೀರಿಸಿಕೊಳ್ಳದೆ ಬಿಡುತ್ತೇನೆಯೇ! 2012ರ ಅಕ್ಟೋಬರ್ 26ಕ್ಕೆ ಅದು ಬಂದಾಗ ನಾನು ಲ್ಯಾಬ್‌ನಲ್ಲಿ ಪಾಠ ಮಾಡುತ್ತಿದ್ದೆ. ಸ್ಟಾರ್ಟ್ ಬಟನ್ನೇ ಮಾಯ. ಕಂಪ್ಯೂಟರ್ ಆನ್ ಮಾಡಿದರೆ ಪರದೆ ತುಂಬಾ ಬಣ್ಣಬಣ್ಣದ ಚೌಕಗಳು. ಶಟ್‌ಡೌನ್ ಮಾಡಲು ಬಾಣವನ್ನು ಬಲಗಡೆ ಮೂಲೆಗೆ ಒಯ್ಯಬೇಕು, ಅಲ್ಲಿಂದ ಚಾರ್ಮ್ಸ್ ಎಂಬ ಪಟ್ಟಿ ಹೊರಬರಬೇಕು, ಅದರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್. ಮೂಲೆಯಲ್ಲಿ ಏನೋ ಇದೆ ಅಂತ ಪರದೆಯ ಮೇಲೆ ಒಂದು ಗುರುತೂ ಇಲ್ಲ. ಮಕ್ಕಳು ನೇರವಾಗಿ ಸ್ವಿಚ್ ಆಫ್ ಮಾಡಿ ಮನೆಗೆ ಹೋಗುತ್ತಿದ್ದರು.

ಸಾಗರದಾಚೆ
ಅದೇ ನಾನೂ ಹೇಳುವುದು. ತಪ್ಪು ಟಚ್‌ನದಲ್ಲ. ಟಚ್ ಇಲ್ಲದವರ ಮೇಲೂ ಅದನ್ನು ಹೇರಿದ್ದು ತಪ್ಪು. ಹೇರಿದ್ದಕ್ಕೂ ಕಾರಣ ಇತ್ತು. 2010ರಲ್ಲಿ ಐಪ್ಯಾಡ್ ಬಂದಿತ್ತು. ಮೈಕ್ರೋಸಾಫ್ಟ್ ಟ್ಯಾಬ್ಲೆಟ್‌ಗೆ ಆ್ಯಪ್ ಬರೆಯುವವರು ಬೇಕಿತ್ತು. ಬಳಸುವವರಿಲ್ಲದೆ ಆ್ಯಪ್ ಬರುವುದಿಲ್ಲ, ಆ್ಯಪ್ ಇಲ್ಲದೆ ಬಳಸುವವರು ಬರುವುದಿಲ್ಲ. ಆಗ ಕೈಯಲ್ಲಿದ್ದ ಆಸ್ತಿ ಒಂದೇ, ಕೋಟ್ಯಂತರ ಡೆಸ್ಕ್‌ಟಾಪ್ ಗ್ರಾಹಕರು. ಅವರೆಲ್ಲರಿಗೂ ಟ್ಯಾಬ್ಲೆಟ್ ಪರದೆಯನ್ನೇ ಕೊಟ್ಟುಬಿಟ್ಟರು.

ಫಲ ಏನಾಯಿತು? ಬಿಡುಗಡೆಯಾದ ಮರು ತಿಂಗಳೇ ವಿಂಡೋಸ್ ಮುಖ್ಯಸ್ಥ ಸ್ಟೀವನ್ ಸಿನೋಫ್‌ಸ್ಕಿ ಕಂಪನಿ ಬಿಟ್ಟರು. 2013ರ ಜುಲೈನಲ್ಲಿ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್ ಲೆಕ್ಕದಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡರು. ಅಕ್ಟೋಬರ್‌ನಲ್ಲಿ 8.1 ಬಂತು, ಸ್ಟಾರ್ಟ್ ಬಟನ್ ವಾಪಸ್ ಬಂತು. ಒತ್ತಿದರೆ ಮತ್ತೆ ಅದೇ ಚೌಕಗಳು! ಸರಿಯಾದ ಸ್ಟಾರ್ಟ್ ಮೆನು ಸಿಕ್ಕಿದ್ದು 2015ರ ಜುಲೈನಲ್ಲಿ, ವಿಂಡೋಸ್ 10 ಬಂದಾಗ.

ಸುಮ್ನೆ_ಬಂದೆ
ನಡುವೆ ಹಳೇ ಸ್ಟಾರ್ಟ್ ಮೆನು ವಾಪಸ್ ತರುವ ಕ್ಲಾಸಿಕ್ ಶೆಲ್ ಹಾಕಿಕೊಂಡು ಬದುಕಿದವರು ಕೈ ಎತ್ತಿ 🙋

ಲಿನಕ್ಸ್_ಲಿಂಗಣ್ಣ
ಕೈ ಎತ್ತಲ್ಲ. ನಾನು ಆಗಲೇ ವಿಂಡೋಸ್ ಬಿಟ್ಟು ಉಬುಂಟು ಎಂಬ ಲಿನಕ್ಸ್‌ಗೆ ಬಂದಿದ್ದೆ.

ಸುಮ್ನೆ_ಬಂದೆ
ಬಾಣಲೆಯಿಂದ ಬೆಂಕಿಗೆ 😄

ಲಿನಕ್ಸ್_ಲಿಂಗಣ್ಣ
ನಗಬೇಡ ಗುರು, ನೋವಿನ ವಿಷಯ. 2011ರ ಏಪ್ರಿಲ್ ನಮಗೆ ಗ್ರಹಣ ಹಿಡಿದ ತಿಂಗಳು. ಒಂದೇ ತಿಂಗಳಲ್ಲಿ ಗ್ನೋಮ್ 3 ಬಂತು, ಉಬುಂಟು 11.04ರಲ್ಲಿ ಯೂನಿಟಿ ಬಂತು (ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್ ಮುಖಗಳು). ಗ್ನೋಮ್‌ನವರು ಕಿಟಕಿಯ ಮಿನಿಮೈಸ್, ಮ್ಯಾಕ್ಸಿಮೈಸ್ ಬಟನ್‌ಗಳನ್ನೇ ಕಿತ್ತುಹಾಕಿದರು. ಜಗಳವಾಡಿ ಜನ ಬೇರೆ ಬೇರೆ ದಾರಿ ಹಿಡಿದರು. ಹಳೇ ಗ್ನೋಮ್ 2ನ್ನು ಉಳಿಸಿಕೊಂಡವರದು ಮಾಟೆ, ಮಿಂಟ್ ಎಂಬ ಇನ್ನೊಂದು ಲಿನಕ್ಸ್‌ನವರದು ಸಿನಮನ್.

ಉಬುಂಟುವಿನ ಆಸೆ ಇನ್ನೂ ದೊಡ್ಡದು. ಫೋನ್, ಟ್ಯಾಬ್ಲೆಟ್, ಟಿವಿ, ಡೆಸ್ಕ್‌ಟಾಪ್ ಎಲ್ಲಕ್ಕೂ ಒಂದೇ ಮುಖ. 2013ರಲ್ಲಿ ಉಬುಂಟು ಎಡ್ಜ್ ಎಂಬ ಫೋನಿಗೆ ಜನರಿಂದ 3.2 ಕೋಟಿ ಡಾಲರ್ ಕೇಳಿದರು. ಮಾನಿಟರ್‌ಗೆ ಸಿಕ್ಕಿಸಿದರೆ ಅದೇ ಫೋನ್ ಡೆಸ್ಕ್‌ಟಾಪ್ ಆಗಬೇಕಿತ್ತು. 1.28 ಕೋಟಿ ಡಾಲರ್‌ಗೆ ಭರವಸೆ ಬಂತು, ಗುರಿ ಮುಟ್ಟಲಿಲ್ಲ, ಫೋನ್ ಬರಲೇ ಇಲ್ಲ. 2017ರ ಏಪ್ರಿಲ್‌ನಲ್ಲಿ ಉಬುಂಟು ಸ್ಥಾಪಕ ಮಾರ್ಕ್ ಶಟಲ್‌ವರ್ತ್ ಯೂನಿಟಿಯನ್ನೂ ಫೋನನ್ನೂ ಕೈಬಿಟ್ಟರು. ಅಷ್ಟರಲ್ಲಿ ನನಗೆ ಯೂನಿಟಿ ಅಭ್ಯಾಸವಾಗಿ ಹೋಗಿತ್ತು, ಅದು ಬೇರೆ ಸಂಕಟ.

ಬಿಳಿಹಾಳೆ ಅವರೇ, ನೀವು ಮಿಂಟ್ ಹಾಕಿಕೊಳ್ಳಿ.

ಬಿಳಿಹಾಳೆ
ಮಿಂಟ್‌ನಲ್ಲಿ ನಾವು ಪತ್ರಿಕೆ ಮಾಡುವ ಕೋರಲ್‌ಡ್ರಾ ಓಡಿಸಿ ತೋರಿಸಿ, ನಾಳೆಯೇ ಹಾಕುತ್ತೇನೆ.

ಸುಮ್ನೆ_ಬಂದೆ
ಲಿಂಗಣ್ಣ ಆಫ್‌ಲೈನ್ ಹೋದರು.

ಅಕ್ಷರ_ಜೋಡಿ
ದಾವಣಗೆರೆಯಿಂದ. ನಮ್ಮದೂ ಡಿಟಿಪಿ ಅಂಗಡಿ, ಟಚ್ ಆಲ್-ಇನ್-ಒನ್ ತಂದು ಅನುಭವಿಸುತ್ತಿದ್ದೇವೆ. ಒಂದು ವಿಷಯ ಯಾರೂ ಹೇಳಿಲ್ಲ, ಕೇಳಿ.

ಲಗ್ನಪತ್ರಿಕೆ ಕರಡು ನೋಡಲು ಗ್ರಾಹಕರು ಪಕ್ಕದಲ್ಲಿ ಕೂರುತ್ತಾರೆ ಅಲ್ವಾ? ಅವರು ತಪ್ಪು ತೋರಿಸುವುದು ಹೇಗೆ? ಪರದೆಗೆ ಬೆರಳು ಇಟ್ಟು! "ಇಲ್ಲಿ ನೋಡಪ್ಪ, ಸೋದರಮಾವನ ಹೆಸರು ಬಿಟ್ಟಿದ್ದೀಯ" ಅಂತ ಒತ್ತುತ್ತಾರೆ. ಹಳೇ ಮಾನಿಟರ್‌ನಲ್ಲಿ ಬರೀ ಬೆರಳಚ್ಚು ಉಳಿಯುತ್ತಿತ್ತು. ಟಚ್ ಪರದೆಯಲ್ಲಿ ಮಾವನ ಹೆಸರಿನ ಸಾಲೇ ಸೆಲೆಕ್ಟ್ ಆಗಿ ಜರುಗುತ್ತದೆ. ಒಂದು ಸಲ ಗಣಪತಿ ಚಿತ್ರ ಕೂದಲೆಳೆಯಷ್ಟು ಓರೆಯಾಗಿದ್ದು ನಮಗೆ ಕಂಡಿದ್ದು ಪ್ರಿಂಟ್ ಆದ ಮೇಲೆ. ಹುಡುಗಿ ಕಡೆಯವರು ಅಪಶಕುನ ಅಂದರು. ಮತ್ತೆ ಅಚ್ಚು ಹಾಕಿಸಿ ಕೊಟ್ಟೆವು, ನಮ್ಮ ಖರ್ಚಿನಲ್ಲಿ.

ಈಗ ಟಚ್ ಬಂದ್ ಮಾಡಿ ಇಟ್ಟಿದ್ದೇವೆ. ಡಿವೈಸ್ ಮ್ಯಾನೇಜರ್ ತೆರೆಯಿರಿ, ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಅಂತ ಇರುತ್ತದೆ. ಅದರೊಳಗೆ ಎಚ್‌ಐಡಿ ಕಂಪ್ಲಯಂಟ್ ಟಚ್ ಸ್ಕ್ರೀನ್. ಅದರ ಮೇಲೆ ಬಲ ಕ್ಲಿಕ್ ಮಾಡಿ ಡಿಸೇಬಲ್. ದುಡ್ಡು ಕೊಟ್ಟು ತಂದು ಆರಿಸಿ ಇಟ್ಟಿದ್ದೇವೆ.

ಬಿಳಿಹಾಳೆ
ಅಯ್ಯೋ ಅಕ್ಕ, ಇದು ತಲೆಗೇ ಹೊಳೆದಿರಲಿಲ್ಲ. ನಮ್ಮಲ್ಲೂ ಎಲ್ಲರೂ ಬೆರಳಿಟ್ಟೇ ತೋರಿಸುವುದು. ಕೆಲವರು ಪೆನ್ನಿನ ತುದಿಯಲ್ಲಿ! ಡೀಲರ್‌ಗೆ ಬೇಡ ಅಂತ ಹೇಳಿಬಿಡುತ್ತೇನೆ. ಉಳಿದ ದುಡ್ಡಿಗೆ ಒಳ್ಳೆ ಮಾನಿಟರ್ ಬರುತ್ತದೆ.

ಬಿಲ್ಲಿಂಗ್_ಕೌಂಟರ್
ಡಿಟಿಪಿಗೆ ಬೇಡ, ಒಪ್ಪಿದೆ. ಹಾಗಂತ ಟಚ್ಚೇ ದಂಡ ಅನ್ನಬೇಡಿ. ನಮ್ಮ ದರ್ಶಿನಿಯ ಕೌಂಟರ್‌ನಲ್ಲಿ ಮೌಸ್ ಇಟ್ಟರೆ ಕ್ಯೂ ರಸ್ತೆಗೆ ಹೋಗುತ್ತದೆ. ಇಡ್ಲಿ ವಡೆ ಒಂದು ಬಟನ್, ಖಾರಾಬಾತ್ ಒಂದು, ಕಾಫಿ ಒಂದು. ಹುಡುಗ ಪರದೆ ನೋಡದೆಯೇ ಒತ್ತುತ್ತಾನೆ, ಯಾವ ಚೌಕ ಎಲ್ಲಿದೆ ಅಂತ ಕೈಗೆ ಗೊತ್ತು. ಬಿಲ್ಲಿಂಗ್ ಸಾಫ್ಟ್‌ವೇರ್‌ನವರು ಅಪ್‌ಡೇಟ್ ಅಂತ ಬಟನ್ ಜಾಗ ಬದಲಾಯಿಸಿದ ದಿನ ಕೇಸರಿಬಾತ್ ಕೇಳಿದವರಿಗೆಲ್ಲ ಪೂರಿ ಬಿಲ್ ಆಯಿತು.

ನಮ್ಮ ಪರದೆ ಫೋನಿನ ತರಹದ್ದಲ್ಲ, ಒತ್ತಡಕ್ಕೆ ಕೆಲಸ ಮಾಡುವ ಹಳೇ ಜಾತಿ. ಒದ್ದೆ ಕೈ, ಎಣ್ಣೆ ಕೈ, ಪೆನ್ನಿನ ಹಿಂಬದಿ, ಯಾವುದರಲ್ಲಿ ಒತ್ತಿದರೂ ನಡೆಯುತ್ತದೆ.

ಮಲೆನಾಡ್_ಮೌಸ್
ಯಾವ ದರ್ಶಿನಿ ಸರ್? ಖಾರಾಬಾತ್ ಹೇಗಿರುತ್ತದೆ?

ಬಿಲ್ಲಿಂಗ್_ಕೌಂಟರ್
ಹೆಸರು ಹೇಳಿದರೆ ಜಾಹೀರಾತು ಅಂತ ಬೈಯುತ್ತಾರೆ. ಚೆನ್ನಾಗಿರುತ್ತದೆ.

ಗೆರೆ_ಬರೆ
ಚಿತ್ರ ಬಿಡಿಸುವವಳ ಕಡೆಯಿಂದ ಒಂದು ಮಾತು. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ನನಗೆ ಪರದೆ ಮುಟ್ಟದೆ ಕೆಲಸವೇ ಇಲ್ಲ. ಆದರೆ ಮುಟ್ಟುವುದು ಪೆನ್ನಿನಿಂದ, ಮತ್ತು ಪರದೆ ಮಲಗಿರುತ್ತದೆ. 2016ರಲ್ಲಿ ಮೈಕ್ರೋಸಾಫ್ಟ್ ಸರ್ಫೇಸ್ ಸ್ಟುಡಿಯೋ ತಂದಾಗ ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿತ್ತು. 28 ಇಂಚಿನ ಪರದೆಯನ್ನು ಕೆಳಗೆ ತಳ್ಳಿದರೆ ಡ್ರಾಯಿಂಗ್ ಬೋರ್ಡ್ ಹಾಗೆ ಓರೆಯಾಗಿ ಮಲಗುತ್ತಿತ್ತು. ಮೇಷ್ಟ್ರು ಹೇಳಿದ ತೋಳುನೋವು ಅಲ್ಲಿ ಬರುವುದಿಲ್ಲ. ಬೆಲೆ ಕೇಳಿದರೆ ಎದೆನೋವು ಬರುತ್ತಿತ್ತು, ಅದು ಬಿಡಿ.

ಮಲಗಿದ ಪರದೆಗೆ ಅಂಗೈ ತಾಗಿದರೂ ಗೆರೆ ಬೀಳಬಾರದು. ಅದನ್ನು ಸಾಫ್ಟ್‌ವೇರ್ ಕಡೆಗಣಿಸಬೇಕು. ಅಗ್ಗದ ಟಚ್ ಮಾನಿಟರ್‌ಗಳು ಎಡವುವುದು ಇಲ್ಲೇ.

ಕೋಡುಬಳೆ
ಮೇಡಂ ಹೇಳಿದ್ದು ಸರಿ. ಒಂದು ಸಣ್ಣ ಕೆಲಸವನ್ನು ಮೈಕ್ರೋಸಾಫ್ಟ್ ಚೆನ್ನಾಗಿಯೇ ಮಾಡಿತ್ತು. ಆಫೀಸ್ 2013ರಿಂದ ಮೇಲಿನ ಪಟ್ಟಿಗೆ ಟಚ್/ಮೌಸ್ ಮೋಡ್ ಎಂಬ ಬಟನ್ ಸೇರಿಸಿಕೊಳ್ಳಬಹುದು. ಮೌಸ್ ಮೋಡ್‌ನಲ್ಲಿ ಬಟನ್‌ಗಳು ಒತ್ತಾಗಿ ಕೂರುತ್ತವೆ, ಟಚ್ ಮೋಡ್‌ನಲ್ಲಿ ಬಿಡಿಬಿಡಿಯಾಗುತ್ತವೆ. ಆಯ್ಕೆ ಬಳಸುವವರದ್ದು. ಇಡೀ ಸಿಸ್ಟಮ್‌ನಲ್ಲಿ ಹೀಗೇ ಇದ್ದಿದ್ದರೆ ನಾವು ಇಷ್ಟು ಹೊಡೆದಾಡುತ್ತಲೇ ಇರಲಿಲ್ಲ. ವಿಂಡೋಸ್ 10ರಲ್ಲಿ ಟ್ಯಾಬ್ಲೆಟ್ ಮೋಡ್ ಅಂತ ಬೇರೆಯೇ ಇತ್ತು. ವಿಂಡೋಸ್ 11ರಲ್ಲಿ ಆ ಸ್ವಿಚ್ಚನ್ನೂ ತೆಗೆದರು. ಟಾಸ್ಕ್‌ಬಾರ್ ಅನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತಿದ್ದ ನನ್ನಂಥವರಿಗೆ 2021ರಲ್ಲಿ ಅದೂ ಹೋಯಿತು.

ಸಾಗರದಾಚೆ
ಆ್ಯಪಲ್ ಬಗ್ಗೆ ಯಾರೂ ಏನೂ ಅನ್ನುತ್ತಿಲ್ಲ, ಅವರೇನು ಸಾಚಾಗಳಾ? 2012ರಲ್ಲಿ ಟಿಮ್ ಕುಕ್, ಟೋಸ್ಟರ್ ಮತ್ತು ಫ್ರಿಜ್ ಎರಡನ್ನೂ ಒಂದು ಮಾಡಬಹುದು, ಆದರೆ ಅದು ಯಾರಿಗೂ ಇಷ್ಟವಾಗಲಿಕ್ಕಿಲ್ಲ ಎಂಬರ್ಥದ ಮಾತಾಡಿ ವಿಂಡೋಸ್ 8ನ್ನು ಚುಚ್ಚಿದ್ದರು. ಅದಕ್ಕೆ ಒಂದು ವರ್ಷ ಮೊದಲೇ ಮ್ಯಾಕ್‌ನ ಲಯನ್ ಆವೃತ್ತಿಯಲ್ಲಿ ಸ್ಕ್ರಾಲ್ ದಿಕ್ಕನ್ನೇ ಫೋನಿನ ಹಾಗೆ ತಿರುಗಿಸಿದ್ದರು. ಸ್ಕ್ರಾಲ್‌ಬಾರ್ ಅಡಗಿಸಿದರು. ಐಪ್ಯಾಡ್ ತರಹ ಐಕಾನ್ ಹರಡುವ ಲಾಂಚ್‌ಪ್ಯಾಡ್ ತಂದರು. 2022ರ ವೆಂಚುರಾ ಆವೃತ್ತಿಯಲ್ಲಿ ಸೆಟ್ಟಿಂಗ್ಸ್ ಥೇಟ್ ಐಫೋನ್. ಪರದೆಗೆ ಟಚ್ ಕೊಡದೆ ಟಚ್‌ನ ವಿನ್ಯಾಸ ಮಾತ್ರ ಕೊಟ್ಟರು, ಇದು ಇನ್ನೂ ವಿಚಿತ್ರ ಅಲ್ವಾ?

ಆ ಕಡೆ ಐಪ್ಯಾಡ್‌ಗೆ 2020ರಲ್ಲಿ ಟ್ರ್ಯಾಕ್‌ಪ್ಯಾಡ್, ಬಾಣ ಎಲ್ಲ ಕೊಟ್ಟರು. ಫ್ರಿಜ್‌ನಲ್ಲಿ ಬ್ರೆಡ್ ಸುಡುವುದನ್ನು ನಿಧಾನವಾಗಿ ಶುರು ಮಾಡಿದ್ದಾರೆ.

ಮಲೆನಾಡ್_ಮೌಸ್
ಸ್ಕ್ರಾಲ್ ದಿಕ್ಕು ತಿರುಗಿಸಿದ್ದು ಸರಿ. ಕಾಗದ ಮೇಲೆ ತಳ್ಳಿದರೆ ಕಾಗದ ಮೇಲೇ ಹೋಗಬೇಕು.

ಹಳೇ_ಮೇಷ್ಟ್ರು
ನಿಮ್ಮ ಜೊತೆ ಮಾತು ಬಿಟ್ಟೆ.

ಗಾಡಿ_ಗೋಪಿ
ಡೆಸ್ಕ್‌ಟಾಪ್ ಬಿಡಿ, ಕಾರಿನ ಗತಿ ನೋಡಿ. ಎಸಿ ಕಡಿಮೆ ಮಾಡಲು ಮೂರು ಪುಟ ಸರಿಸಬೇಕು. ಗುಂಡಿ ಇದ್ದರೆ ರಸ್ತೆ ನೋಡುತ್ತಲೇ ಕೈಯಲ್ಲಿ ತಡವಿ ತಿರುಗಿಸಬಹುದಿತ್ತು. ಯುರೋಪಿನಲ್ಲಿ ಕಾರಿನ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್‌ನವರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್ ಮುಂತಾದವಕ್ಕೆ ನಿಜವಾದ ಗುಂಡಿ ಅಥವಾ ಸ್ವಿಚ್ ಇದ್ದರೆ ಮಾತ್ರ ಪೂರ್ತಿ ಅಂಕ ಅಂದಿದ್ದಾರೆ.

ಇನ್ನೂ ದೊಡ್ಡದು ಹಡಗಿನದು. 2017ರ ಆಗಸ್ಟ್‌ನಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಸಿಂಗಪುರದ ಬಳಿ ಟ್ಯಾಂಕರ್‌ಗೆ ಡಿಕ್ಕಿ ಹೊಡೆದು 10 ನಾವಿಕರು ಸತ್ತರು. ಚುಕ್ಕಾಣಿ, ವೇಗ ಎರಡೂ ಟಚ್ ಪರದೆಯಲ್ಲಿದ್ದವು. ಯಾವ ನಿಯಂತ್ರಣ ಯಾರ ಪರದೆಯಲ್ಲಿದೆ ಅನ್ನುವುದೇ ಗೊಂದಲವಾಗಿತ್ತು. ತನಿಖೆಯ ನಂತರ ನೌಕಾಪಡೆ ಕೈಯಲ್ಲಿ ಹಿಡಿಯುವ ಲಿವರ್‌ಗಳನ್ನೇ ವಾಪಸ್ ತರಲು ಹೊರಟಿತು.

ಮಲೆನಾಡ್_ಮೌಸ್
ಅದರಲ್ಲಿ ತರಬೇತಿ ಸಾಲದ್ದೂ ಒಂದು ಕಾರಣ ಅಂತ ತನಿಖೆಯಲ್ಲೇ ಇದೆ. ಬರೀ ಗಾಜಿನ ಮೇಲೆ ಹಾಕಬೇಡಿ.

ಗಾಡಿ_ಗೋಪಿ
ತರಬೇತಿ ಇಲ್ಲದವನಿಗೂ ಲಿವರ್ ಎಲ್ಲಿದೆ ಅಂತ ಕೈಗೆ ಸಿಗುತ್ತದೆ. ಗಾಜಿನಲ್ಲಿ ಸಿಗಲ್ಲ. ನನ್ನ ವಾದ ಅಷ್ಟೇ.

ಅಕ್ಷರ_ಜೋಡಿ
ಕೈಗೆ ಸಿಗುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕನ್ನಡ ಟೈಪಿಂಗ್‌ಗೆ ಗಾಜು ಆಗಿಬರುವುದೇ ಇಲ್ಲ. ನುಡಿ ತಂತ್ರಾಂಶದ ಕೆಜಿಪಿ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ಎಫ್ ಕೀ. ಎಡಗೈ ತೋರುಬೆರಳು ಅದರ ಮೇಲಿನ ಸಣ್ಣ ಉಬ್ಬಿನ ಮೇಲೆಯೇ ಕೂತಿರುತ್ತದೆ. ನಾನು ಕರಡು ಹಾಳೆ ನೋಡಿಕೊಂಡು ಟೈಪ್ ಮಾಡುವವಳು, ಕೀಬೋರ್ಡ್ ನೋಡುವುದೇ ಇಲ್ಲ. ಪರದೆಯ ಕೀಬೋರ್ಡ್‌ನಲ್ಲಿ ಆ ಉಬ್ಬು ಎಲ್ಲಿಂದ ಬರಬೇಕು? ಜೊತೆಗೆ ಅದು ಅರ್ಧ ಪುಟವನ್ನೇ ಮುಚ್ಚಿ ಕೂರುತ್ತದೆ.

ಸಾಗರದಾಚೆ
ಫೋನಿನಲ್ಲಿ ಜನ ಕನ್ನಡ ಬರೆಯುತ್ತಿಲ್ಲವಾ? ನಾನು ಇದನ್ನೆಲ್ಲ ಬರೆದಿದ್ದು ಫೋನಿನಲ್ಲೇ.

ಅಕ್ಷರ_ಜೋಡಿ
ನೀವು ಬರೆದಿದ್ದು ನಾಲ್ಕು ಪ್ಯಾರಾ. ನಮಗೆ ಬರುವುದು ಪಿಎಚ್‌ಡಿ ಪ್ರಬಂಧ, ಅದೂ ಡಾಕ್ಟರ್ ಚೀಟಿಯ ಅಕ್ಷರದಲ್ಲಿ.

ಬಿಳಿಹಾಳೆ
😄 ಅಕ್ಕ, ಅಂಗಡಿಗೆ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಇಂಗ್ಲಿಷ್ ಟೈಪಿಂಗ್ ಬರುತ್ತದೆ, ಕನ್ನಡ ಕಲಿಸಬೇಕು. ಕೀ ಮೇಲೆ ಅಂಟಿಸುವ ಕನ್ನಡ ಸ್ಟಿಕ್ಕರ್ ಎಲ್ಲಿ ಸಿಗುತ್ತದೆ?

ಬಿಲ್ಲಿಂಗ್_ಕೌಂಟರ್
ಬೆಂಗಳೂರಿಗೆ ಬಂದರೆ ಎಸ್.ಪಿ. ರೋಡ್‌ನಲ್ಲಿ ಕೇಳಿ ನೋಡಿ.

ಅಕ್ಷರ_ಜೋಡಿ
ಸ್ಟಿಕ್ಕರ್ ತರುವ ಮೊದಲು ನೋಡಿಕೊಳ್ಳಿ ತಮ್ಮ, ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸದ್ದನ್ನು ಕೊಟ್ಟುಬಿಡುತ್ತಾರೆ. ಜೆ ಕೀ ಮೇಲೆ ಜ ಇದ್ದರೆ ಕೆಜಿಪಿ, ಬೇರೆ ಅಕ್ಷರ ಇದ್ದರೆ ವಾಪಸ್ ಕೊಡಿ. ನನ್ನನ್ನು ಕೇಳಿದರೆ ಸ್ಟಿಕ್ಕರ್ರೇ ಬೇಡ. ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಸ್ಟಿಕ್ಕರ್ ಹಾಕಿದರೆ ಅವಳು ಕೆಳಗೆ ನೋಡಿಕೊಂಡೇ ಟೈಪ್ ಮಾಡುತ್ತಾಳೆ.